ಭರಣಿಯ ತಳದ ಹಣ

ಮಾಗಡಿಯ ಹಳೆಯ ಮನೆಯೊಂದರಲ್ಲಿ, ಅಜ್ಜಿಯ ಕುಂಕುಮದ ಭರಣಿಯ ತಳದಲ್ಲಿ, ಒಂದು ಹಣವಿತ್ತು. ಸಂತೆಗೆ ಕೊಂಡೊಯ್ಯುವ ಹಣವಲ್ಲ. ಆ ಮಾತಿಗೆ ಅರ್ಥ ಕೊಟ್ಟ ಚಿನ್ನದ ಹಣ. ಗಾತ್ರ ಬೇಳೆಯಷ್ಟು, ತೂಕ ಗ್ರಾಮಿನ ಮೂರನೆಯ ಒಂದು ಪಾಲು. ಒಂದು ಮುಖದಲ್ಲಿ ಕುಳಿತ ನರಸಿಂಹ, ಇನ್ನೊಂದರಲ್ಲಿ ಮೂರು ಸಾಲು ನಾಗರಿ ಅಕ್ಷರ.

ಮೊದಲು ಅಂತಹವು ಹತ್ತಿದ್ದುವಂತೆ. ಹಿಂದಿನ ಲೆಕ್ಕದಲ್ಲಿ ಒಂದು ವರಹ. ಒಂಬತ್ತು ಕರಗಿ, ಮೂಗುಬೊಟ್ಟುಗಳಾಗಿ, ಹೆಣ್ಣುಮಕ್ಕಳೊಡನೆ ಚನ್ನಪಟ್ಟಣಕ್ಕೂ ಕನಕಪುರಕ್ಕೂ ಹೋಗಿದ್ದವು. ಈಗ ಮೊಮ್ಮಗಳಿಗೆ ರಾಮನಗರದ ಸಂಬಂಧ ಕೂಡಿಬಂದಿತ್ತು. ಅಕ್ಕಸಾಲಿಗ ಹತ್ತನೆಯದನ್ನು ತಕ್ಕಡಿಗೆ ಹಾಕಿ, "ಇದರ ಜೊತೆಗೆ ಇನ್ನಷ್ಟು ಚಿನ್ನ ಬೇಕು, ತಾಯಿ" ಎಂದ.

ಚರಿತ್ರೆ ಓದಿದ್ದ ಮೊಮ್ಮಗ ಭೂತಗನ್ನಡಿ ತಂದ. ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದವರು. ಆದರೆ ಈ ನಾಣ್ಯ ತುಸು ಅಗಲ. 1799ರಲ್ಲಿ ಟಿಪ್ಪು ಮಡಿದು, ಐದು ವರ್ಷದ ಮುಮ್ಮಡಿ ಕೃಷ್ಣರಾಜರು ಪಟ್ಟವೇರಿದ ಮೇಲೆ ದಿವಾನ್ ಪೂರ್ಣಯ್ಯನವರು ಹಳೆಯ ಹಣವನ್ನೇ ಮತ್ತೆ ಅಚ್ಚುಹಾಕಿಸಿದರು; ಜನ ಅದನ್ನು ಅಗಲ ಕಂಠೀರಾಯ ಹಣವೆಂದರು, ಮೊದಲಿನದು ಗಿಡ್ಡವಾಯಿತು. ಅದೇ ಕಾಲದಲ್ಲಿ ಜರ್ಮನಿಯ ಬಾಡೆನ್ ಸಂಸ್ಥಾನ ರೈನ್ ನದಿಯ ಮರಳಿನಲ್ಲಿ ಸಿಕ್ಕ ಚಿನ್ನದ ಮೇಲೆ ತನ್ನ ದೊರೆಯ ಮುಖವನ್ನೇ ಮುದ್ರಿಸುತ್ತಿತ್ತು. ಇಲ್ಲಿಯ ಬಾಲರಾಜನ ಕಾಲದ ಈ ಹಣದ ಮೇಲಾದರೋ, ಒಂದೂವರೆ ಶತಮಾನದ ಹಿಂದೆ ತೀರಿಹೋದ ಅರಸನ ಹೆಸರು! ಹೊಸ ಅರಸನಿಗಿಂತ ಹಳೆಯ ಹೆಸರನ್ನು ಪೇಟೆ ಬೇಗ ನಂಬುತ್ತದೆ. ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು. ಉಳಿದ ನಾಣ್ಯಗಳನ್ನು ಮುಗಿಸುವ ಕೆಲಸ ಅಕ್ಕಸಾಲಿಗರ ಕುಲುಮೆಗೆ ಬಿತ್ತು.

ಅಕ್ಕಸಾಲಿಗ ಇದನ್ನೆಲ್ಲ ಶಾಂತವಾಗಿ ಕೇಳಿ, "ಹಾಗಾದರೆ ಒಂದು ಬಳೆ ಬೆಸೆದು ಪದಕ ಮಾಡಿಕೊಡಲೇ?" ಎಂದ. ಮೊಮ್ಮಗ ಹೌಹಾರಿದ, ಬೆಸುಗೆ ಬಿದ್ದರೆ ನರಸಿಂಹನ ತಲೆಯೇ ಹೋಗುತ್ತಿತ್ತು.

ಅಜ್ಜಿ ಅಷ್ಟು ಹೊತ್ತೂ ಮಾತನಾಡಿರಲಿಲ್ಲ. ಮಾಗಡಿ ಸೀಮೆಯವರಿಗೆ ಹಿರಿಯ ಕೆಂಪೇಗೌಡರ ಕಥೆಯನ್ನು ಯಾರೂ ಹೇಳಿಕೊಡಬೇಕಿಲ್ಲ: ಅಪ್ಪಣೆಯಿಲ್ಲದೆ ಭೈರವನ ನಾಣ್ಯ ಅಚ್ಚುಹಾಕಿಸಿದ್ದಕ್ಕೆ ವಿಜಯನಗರದವರು ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಿಟ್ಟರೆಂದು ಐತಿಹ್ಯ. "ಅಚ್ಚುಹಾಕಿದವರಿಗೆ ಐದು ವರ್ಷ," ಎಂದಳು ಅಜ್ಜಿ. "ಒಂಬತ್ತನ್ನು ಕರಗಿಸಿದ ನನಗೆ ಎಷ್ಟು?"

ಯಾರೂ ನಗಲಿಲ್ಲ. ಮೊಮ್ಮಗಳು ತಕ್ಕಡಿಯಿಂದ ಹಣವನ್ನು ತೆಗೆದುಕೊಂಡು ಸೆರಗಿನಲ್ಲಿ ಗಂಟು ಹಾಕಿದಳು. ಮೂಗುಬೊಟ್ಟಿಗೆ ಅಜ್ಜಿಯ ಓಲೆಯೊಂದು ಕರಗಿತು.

ಮದುವೆ ಮುಗಿದ ಮೊದಲ ಶುಕ್ರವಾರ, ಕುಂಕುಮವಿಟ್ಟುಕೊಳ್ಳುವಾಗ ಅಜ್ಜಿಯ ಬೆರಳು ಎಂದಿನಂತೆ ಭರಣಿಯ ತಳದವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ತಡವರಿಸಿತು.