ಬಿಸಿಲ ನಾಡಿನ ಕತ್ತಲಲ್ಲಿ ಒಂದು ಕ್ಯಾಮೆರಾ

ಕಲಬುರಗಿ ಜಿಲ್ಲೆ ಎಂದರೆ ಎಲ್ಲರಿಗೂ ನೆನಪಾಗುವುದು ಬಿಸಿಲು. ಆದರೆ ನಮ್ಮ ಕಡೆ ನೋಡಬೇಕಾದದ್ದು ಬಹಳಷ್ಟು ಇರುವುದು ನೆರಳಿನಲ್ಲಿ, ಇಲ್ಲವೇ ಕತ್ತಲಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಅದಕ್ಕೇ ಹಿರಿಯರು ದಪ್ಪ ಕಲ್ಲಿನ ಗೋಡೆ ಕಟ್ಟಿ, ಮೇಲೆ ಮಣ್ಣಿನ ಮಾಳಿಗೆ ಹಾಕಿ, ಕಿಟಕಿ ಚಿಕ್ಕದಾಗಿ ಇಟ್ಟರು. ಒಳಗೆ ತಂಪು ಬಂತು, ತಂಪಿನ ಜೊತೆ ಕತ್ತಲೂ ಬಂತು. ಕ್ಯಾಮೆರಾ ಹಿಡಿದು ಈ ಕಡೆ ಬರುವವರು ಕತ್ತಲಲ್ಲಿ ಫೋಕಸ್ ಮಾಡಿಸುವುದನ್ನು ಕಲಿತೇ ಬರಬೇಕು.

ಕಳೆದ ಚಳಿಗಾಲದಲ್ಲಿ, ಹೊಲಗಳಲ್ಲಿ ತೊಗರಿ ರಾಶಿ ನಡೆದಿದ್ದಾಗ, ನಾನೂ ಎಂಟನೇ ತರಗತಿಯ ಮೊಮ್ಮಗಳೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಸುತ್ತಿದೆವು. ಅವಳ ಕೊರಳಲ್ಲಿ ಅವರಪ್ಪನ ಹಳೆಯ ಕ್ಯಾಮೆರಾ. ನನ್ನ ಮನಸ್ಸಿನಲ್ಲಿದ್ದ ಕೆಲಸ ಒಂದೇ. ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನಿಗೆ 86 ವರ್ಷ. ಅವಳದೊಂದು ಒಳ್ಳೆಯ ಚಿತ್ರ ಬೇಕಿತ್ತು. ನಮ್ಮವ್ವ ಹೋಗಿ ಬಹಳ ವರ್ಷಗಳಾದವು, ಆಕೆಯ ಒಂದು ಚಿತ್ರವೂ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಅಕ್ಕನ ವಿಷಯದಲ್ಲಿ ಹಾಗಾಗಬಾರದು ಎಂಬ ಆಸೆ.

ಆಳಂದಕ್ಕೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಲಾಡ್ಲೆ ಮಶಾಯಕ್ ದರ್ಗಾಕ್ಕೆ ಎಲ್ಲ ಜಾತಿ, ಎಲ್ಲ ಮತದವರೂ ಬರುತ್ತಾರೆ. ಹೊರಗೆ ನಿಂತು ಮೊಮ್ಮಗಳು ಕ್ಯಾಮೆರಾ ಎತ್ತಿದಳು. ಮಸೂರ ಝುರ್ ಝುರ್ ಎಂದು ಹಿಂದೆ ಮುಂದೆ ಓಡಾಡಿತೇ ಹೊರತು ನಿಲ್ಲಲಿಲ್ಲ.

"ಮುತ್ಯಾ, ಇದು ಫೋಕಸ್ಸೇ ಆಗವಲ್ದು."

"ನಡುವಿನ ಚೌಕ ಎಲ್ಲೈತಿ ನೋಡವ್ವ?"

ಚೌಕ ಬರೀ ಸುಣ್ಣದ ಗೋಡೆಯ ಮೇಲಿತ್ತು. ಮಕ್ಕಳೇ, ಕ್ಯಾಮೆರಾಕ್ಕೆ ಬೆಳಕಷ್ಟೇ ಸಾಲದು, ಒಂದು ಅಂಚು ಬೇಕು. ಕಪ್ಪು ಮುಗಿದು ಬಿಳುಪು ಶುರುವಾಗುವ ಗೆರೆ ಬೇಕು. ಬರೀ ಬಿಳಿ ಗೋಡೆಗೆ ಹಿಡಿದರೆ ನಟ್ಟನಡು ಮಧ್ಯಾಹ್ನವೂ ಅದು ತಡಕಾಡಬಹುದು. ಬೇಕಾದರೆ ನಿಮ್ಮ ಮನೆಯ ಗೋಡೆಯ ಮೇಲೆ ನೋಡಿ. ಆಮೇಲೆ ಅದೇ ಗೋಡೆಯ ಕ್ಯಾಲೆಂಡರಿನ ಅಂಚಿಗೆ ಹಿಡಿಯಿರಿ, ಥಟ್ಟನೆ ನಿಲ್ಲುತ್ತದೆ. ಅವಳು ಚೌಕವನ್ನು ಗುಮ್ಮಟದ ಅಂಚಿಗೆ, ಆಕಾಶ ತಾಗುವ ಕಡೆಗೆ ಸರಿಸಿದಳು. ಟಿಕ್ ಎಂದಿತು.

ರಾತ್ರಿ ಉಳಿದುಕೊಂಡಲ್ಲಿ ಅವಳಿಗೆ ಇದರ ಒಳಗುಟ್ಟು ಹೇಳಿದೆ. ಕ್ಯಾಮೆರಾ ಫೋಕಸ್ ಹುಡುಕುವ ರೀತಿ ಮುಖ್ಯವಾಗಿ ಎರಡು. ಒಂದು, ಹಳೆಯ ರೇಡಿಯೋದಲ್ಲಿ ಸ್ಟೇಷನ್ ಹಿಡಿದಂತೆ. ಮುಳ್ಳು ತಿರುಗಿಸುತ್ತಾ ಹೋಗುತ್ತೀರಿ, ದನಿ ಸ್ಪಷ್ಟವಾಗುತ್ತದೆ, ದಾಟಿದರೆ ಮತ್ತೆ ಗೊರಗೊರ, ಆಗ ಹಿಂದಕ್ಕೆ ತರುತ್ತೀರಿ. ಎರಡನೆಯದು ನಮ್ಮ ಬ್ಯಾಂಕಿನ ಲೆಕ್ಕದಂತೆ. ಮಸೂರದ ಎಡಭಾಗದಿಂದ ಬಂದ ಚಿತ್ರ ಒಂದು ಪುಸ್ತಕ, ಬಲಭಾಗದಿಂದ ಬಂದದ್ದು ಇನ್ನೊಂದು. ಎರಡೂ ತಾಳೆಯಾದರೆ ಫೋಕಸ್ ಸರಿ. ತಾಳೆಯಾಗದಿದ್ದರೆ ಎಷ್ಟು ವ್ಯತ್ಯಾಸ, ಯಾವ ಕಡೆ ಎಂಬುದು ಕೂಡಲೇ ತಿಳಿಯುತ್ತದೆ, ಮಸೂರ ನೇರ ಅಲ್ಲಿಗೇ ಹೋಗುತ್ತದೆ. ಅವಳ ಹಳೆಯ ಕ್ಯಾಮೆರಾದಲ್ಲಿ ಮೇಲಿನ ಕಿಂಡಿಗೆ ಕಣ್ಣಿಟ್ಟು ತೆಗೆದರೆ ಈ ತಾಳೆಯ ರೀತಿ, ಹಿಂದಿನ ಪರದೆ ನೋಡಿ ತೆಗೆದರೆ ರೇಡಿಯೋ ರೀತಿ. ಕತ್ತಲಲ್ಲಿ ಕಿಂಡಿಯೇ ವಾಸಿ.

ಇದೆಲ್ಲ ಬಹಳ ಹಳೆಯದೇನಲ್ಲ. 1977ರಲ್ಲಿ ಜಪಾನಿನ ಕೊನಿಕಾ ಕಂಪನಿ ತಾನಾಗಿ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾ ಮಾರಾಟಕ್ಕೆ ತಂದಿತು. ಮರುವರ್ಷ ಪೋಲರಾಯ್ಡ್‌ನವರು ಹಳೇ ಗುಡಿಗಳಲ್ಲಿ ಹಾರಾಡುವ ಸಣ್ಣ ಬಾವಲಿಗಳ ಉಪಾಯವನ್ನೇ ತಂದರು. ನಮಗೆ ಕೇಳಿಸದ ಶಬ್ದವನ್ನು ಕ್ಯಾಮೆರಾ ಕಳಿಸುತ್ತಿತ್ತು, ಅದು ಮರಳಿ ಬರುವ ಹೊತ್ತಿನಿಂದ ದೂರ ಅಳೆಯುತ್ತಿತ್ತು. ಗಾಢ ಕತ್ತಲಲ್ಲೂ ನಡೆಯುತ್ತಿತ್ತು. ಒಂದೇ ತೊಡಕು: ಕಿಟಕಿಯ ಗಾಜಿನಾಚೆಯ ಮರ ತೆಗೆಯಹೋದರೆ ಶಬ್ದ ಗಾಜಿಗೇ ಬಡಿದು ವಾಪಸ್ಸು! ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಆಳಂದ ಸೀಮೆಯ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ನಾವೂ ಅಲ್ಲಿಗೇ ಹೋದೆವು. ನರಸಿಂಹ ಸರಸ್ವತಿಗಳು ನೆಲೆಸಿದ್ದ ಊರು, ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಮಠದಲ್ಲಿ ಪಾದುಕೆಗಳ ದರ್ಶನ ಸಣ್ಣ ಕಿಂಡಿಯಿಂದ. ಅಲ್ಲಿ ಕ್ಯಾಮೆರಾ ಚೀಲದಲ್ಲೇ ಇತ್ತು. ಕೈಮುಗಿಯಲು ಎರಡು ಕೈಯೂ ಬೇಕಲ್ಲ!

ಬೆಳಕು ಹರಿಯುವ ಮುಂಚೆ ಸಂಗಮದಲ್ಲಿ ಸ್ನಾನ ಮಾಡುವವರ ಗದ್ದಲ. ದಂಡೆಯ ಮೇಲೆ ಯಾರೋ ಹಚ್ಚಿಟ್ಟ ಹಣತೆಯನ್ನು ಮೊಮ್ಮಗಳು ತೆಗೆಯಹೋದಳು. ಉರಿಗೆ ಚೌಕ ಇಟ್ಟರೆ ಉರಿ ಕುಣಿಯುತ್ತದೆ, ಅಂಚು ಒಂದೆಡೆ ನಿಲ್ಲದು. ಉರಿಯ ಬೆಳಕು ಬಿದ್ದ ಹಣತೆಯ ಬಾಯಿಗೆ ಇಟ್ಟಳು, ಸಿಕ್ಕಿತು. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಆ ಫೋಕಸ್ ಅಲ್ಲೇ ನಿಲ್ಲುತ್ತದೆ. ಹಾಗೇ ಹಿಡಿದುಕೊಂಡು ಚಿತ್ರವನ್ನು ಬೇಕಾದಂತೆ ಹೊಂದಿಸಿ ಪೂರ್ತಿ ಒತ್ತಬೇಕು. ಮೊಬೈಲಿನಲ್ಲಾದರೆ ಆ ಅಂಚಿನ ಮೇಲೆ ಬೆರಳು ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ, ಬಹಳಷ್ಟು ಫೋನುಗಳು ಬೀಗ ಹಾಕಿಕೊಳ್ಳುತ್ತವೆ. ಇನ್ನೊಂದು ಮಾತು. ಕತ್ತಲಲ್ಲಿ ಜೂಮ್ ಎಳೆಯಬೇಡಿ. ಸಾಮಾನ್ಯ ಮಸೂರಗಳಲ್ಲಿ ಎಳೆದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಕಾಲಿದೆಯಲ್ಲ, ನಾಲ್ಕು ಹೆಜ್ಜೆ ಹತ್ತಿರ ಹೋಗಿ.

ಭೀಮೆ ಅಲ್ಲಿಂದ ಮುಂದೆ ಜೇವರ್ಗಿ ತಾಲ್ಲೂಕಿನತ್ತ ಹರಿಯುತ್ತದೆ. ಬಸ್ಸು ಇಳಿದು ಅಕ್ಕನ ಮನೆ ಸೇರಿದಾಗ ಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಾಲಿಟ್ಟರೆ ಏನೂ ಕಾಣದು. ಮೊಣಕಾಲು ಸೋತ ಅಕ್ಕ ನಡುಮನೆಯ ಮೂಲೆಯ ಹೊರಸು ಬಿಟ್ಟು ಏಳುವುದಿಲ್ಲ. ಕಣ್ಣಿಗೆ ಪೊರೆಯ ಆಪರೇಷನ್ ಆದಮೇಲೆ ಬೆಳಕು ಹೊಡೆದರೆ ಸಹಿಸಳು. ಅಂಗಳಕ್ಕೆ ಕರೆತರುವ ಹಾಗಿಲ್ಲ, ಫ್ಲಾಶ್ ಹೊಡೆಯುವ ಹಾಗೂ ಇಲ್ಲ.

ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬೆಳಕು ನೆಲದ ಶಹಾಬಾದ್ ಕಲ್ಲಿನ ಮೇಲೆ ಬಿದ್ದು, ಅಕ್ಕನ ಮುಖಕ್ಕೆ ಮಂದವಾಗಿ ಏರುತ್ತಿತ್ತು. ನೋಡಲು ಬಹಳ ಚೆಂದ. ಕ್ಯಾಮೆರಾಕ್ಕೆ ಮಾತ್ರ ಆ ಮುಖದಲ್ಲಿ ಒಂದು ಗಟ್ಟಿ ಗೆರೆ ಸಿಗಲಿಲ್ಲ. ಮತ್ತೆ ಝುರ್ ಝುರ್.

"ಏನವ್ವ ಅದು, ಜೀರುಂಡೆ ಕೂಗಿದಂಗ?" ಎಂದಳು ಅಕ್ಕ.

ಮೊಮ್ಮಗಳು ಸುಮ್ಮನೆ ನೋಡಿದಳು. ಅಕ್ಕ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದಿದ್ದಳು. ಸೆರಗಿನ ದಡಿ ಕೆನ್ನೆಯ ಪಕ್ಕದಲ್ಲೇ ನೆಟ್ಟಗೆ ಇಳಿದಿತ್ತು. ದಡಿ ಇರುವ ದೂರವೂ ಕಣ್ಣು ಇರುವ ದೂರವೂ ಹೆಚ್ಚುಕಡಿಮೆ ಒಂದೇ. "ಮುತ್ಯಾ, ಮೊಬೈಲ್ ಬ್ಯಾಟರಿ ದಡಿ ಮ್ಯಾಲೆ ಅಷ್ಟೇ ಹಿಡಿ, ಆಯಿ ಕಣ್ಣಿಗೆ ಬಡೀಬಾರ್ದು" ಎಂದಳು. ನಾನು ಅಂಗೈ ಮರೆಮಾಡಿ, ಪಕ್ಕದಿಂದ ದಡಿಗೆ ಬೆಳಕು ಬಿಟ್ಟೆ. ಅವಳು ನಡುವಿನ ಚೌಕವನ್ನು ದಡಿಗೆ ಇಟ್ಟು ಅರ್ಧ ಒತ್ತಿದಳು. ಟಿಕ್. "ಈಗ ಆರಿಸು." ಆರಿಸಿದೆ. ಕ್ಯಾಮೆರಾವನ್ನು ಮುಖದತ್ತ ತಂದು, ಕಂಬಕ್ಕೆ ಬೆನ್ನು ಒರಗಿಸಿ, ಉಸಿರು ಹಿಡಿದಳು. ಕಡಿಮೆ ಬೆಳಕಿನಲ್ಲಿ ಪರದೆ ನಿಧಾನವಾಗಿ ತೆರೆದು ಮುಚ್ಚುತ್ತದೆ, ಕೈ ಅಲುಗಿದರೆ ಫೋಕಸ್ ಸರಿಯಿದ್ದೂ ಚಿತ್ರ ಕಲಸಿಹೋಗುತ್ತದೆ.

ನಾಲ್ಕು ತೆಗೆದಳು. ಎರಡರಲ್ಲಿ ಅಕ್ಕ ಕಣ್ಣು ಮುಚ್ಚಿದ್ದಳು, ಒಂದು ಅಲುಗಿತ್ತು. ನಾಲ್ಕನೆಯದರಲ್ಲಿ ಹಣೆಯ ಸುಕ್ಕು, ಹುಬ್ಬಿನ ಬಿಳಿಗೂದಲು, ಮೂಗಿನ ನತ್ತಿನ ಹರಳು ಎಲ್ಲ ಬಿಡಿಬಿಡಿಯಾಗಿ ಬಂದಿತ್ತು.

ಅಕ್ಕ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ತಮ್ಮಾ, ಇಕಿ ನಮ್ಮವ್ವನ ಹಂಗೇ ಕಾಣ್ತಾಳಲ್ಲೋ" ಎಂದಳು. ಆಮೇಲೆ, "ಎರಡು ಪ್ರತಿ ತೆಗಸು. ಒಂದು ನಿನ್ನ ಮನ್ಯಾಗಿರ್ಲಿ."