ಬೆವರಿಗೆ ಎಷ್ಟು ಅಂಕ?

ಅಂಕ ಕೊಡುವುದು ನನ್ನ ಕಸುಬು. ಇಪ್ಪತ್ತು ವರ್ಷಗಳಿಂದ ರಗಳೆಗೂ ಷಟ್ಪದಿಗೂ ಸಮಾಸಕ್ಕೂ ಅಂಕ ಹಾಕುತ್ತ ಬಂದಿದ್ದೇನೆ. ಆದರೆ ಬೆವರಿಗೆ ಅಂಕ ಹಾಕುವ ಪ್ರಸಂಗ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೊನ್ನೆ ಭಾನುವಾರ ಇಂದಿರಾನಗರದಲ್ಲಿ ಅದೂ ಬಂತು.

ನಡೆದದ್ದು ಇಷ್ಟು. ವೈದ್ಯರು ನನ್ನ ಹೊಟ್ಟೆಯ ಸುತ್ತಳತೆಯನ್ನು ನೋಡಿ, "ಸೈಕಲ್ ತುಳಿಯಿರಿ ಮೇಷ್ಟ್ರೇ" ಎಂದಿದ್ದರು. ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸೈಕಲ್ಲಿಗೆ ಹೊಸ ಟಯರು ಹಾಕಿಸಿ ಹಲಸೂರು ಕೆರೆಯ ಸುತ್ತ ನಾಲ್ಕು ದಿನ ತುಳಿದೆ. ಐದನೆಯ ದಿನ ಪೈಜಾಮದ ಅಂಚು ಚೈನಿಗೆ ಸಿಕ್ಕಿ, ಕರಿಯ ಮುದ್ರೆ ಒತ್ತಿಸಿಕೊಂಡು ಹೊರಗೆ ಬಂತು. ಮಗಳಿಗೆ ಅಷ್ಟೇ ಸಾಕಾಯಿತು. ನನ್ನನ್ನು ನೂರಡಿ ರಸ್ತೆಯ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದಳು.

ಅಲ್ಲಿ ಸೈಕಲ್ಲಿಗಿಂತ ಸೈಕಲ್ ಸವಾರನ ಉಡುಪೇ ಹೆಚ್ಚು. ಮೈಗೆ ಅಂಟಿಕೊಳ್ಳುವ ಚಡ್ಡಿಗಳು; ಬೆನ್ನಿನ ಮೇಲೆ ಮೂರು ಜೇಬುಗಳಿರುವ ಅಂಗಿಗಳು. ಚಡ್ಡಿಯ ಒಳಗೆ ಮೆತ್ತೆ ಇರುತ್ತದೆ. ಹಿಂದಿನ ಕಾಲದ ಯುರೋಪಿನ ಸವಾರರು ಉಣ್ಣೆಯ ಚಡ್ಡಿಗೆ ಷಮ್ವಾ ಎಂಬ ಮೇಕೆಜಾತಿಯ ಪ್ರಾಣಿಯ ಚರ್ಮದ ತೇಪೆ ಹಾಕಿಸಿಕೊಳ್ಳುತ್ತಿದ್ದರು. ಈಗ ಅದರ ಜಾಗಕ್ಕೆ ಕೃತಕ ಮೆತ್ತೆ ಬಂದಿದೆ. 1958ರಲ್ಲಿ ಅಮೆರಿಕದ ಜೋಸೆಫ್ ಷಿವರ್ಸ್ ಕಂಡುಹಿಡಿದ ಲೈಕ್ರಾ ಎಂಬ ಎಳೆ ಉಣ್ಣೆಯನ್ನು ಮನೆಗೆ ಕಳಿಸಿತು. ಬೆಲೆಯ ಚೀಟಿ ನೋಡಿದೆ. ಆ ದುಡ್ಡಿಗೆ ನಮ್ಮ ತಂದೆ ಒಂದು ಸೈಕಲ್ಲನ್ನೇ ಕೊಂಡು, ಉಳಿದದ್ದರಲ್ಲಿ ಗಂಟೆಯನ್ನೂ ಹಾಕಿಸಿರುತ್ತಿದ್ದರು.

ಅಷ್ಟರಲ್ಲಿ ಕೈಯಲ್ಲಿ ಹಲಗೆಯಂಥ ಯಂತ್ರ ಹಿಡಿದ ಹುಡುಗಿಯೊಬ್ಬಳು ಬಂದು, "ಸಾರ್, ಐದೇ ನಿಮಿಷ, ಒಂದು ಸಮೀಕ್ಷೆ" ಎಂದಳು. ಕೆಲವು ಗುಣಗಳನ್ನು ಓದುತ್ತಾಳೆ. ಅತಿ ಮುಖ್ಯವಾದದ್ದಕ್ಕೆ ಐದು, ಏನೇನೂ ಮುಖ್ಯವಲ್ಲದ್ದಕ್ಕೆ ಒಂದು ಅಂಕ ಕೊಡಬೇಕು. ಪರೀಕ್ಷಕನಾದ ನಾನು ಇಲ್ಲವೆನ್ನುವುದು ಹೇಗೆ?

ಸಮೀಕ್ಷೆ ನಮಗೆ ಹೊಸದಲ್ಲ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ಧೋತರಕ್ಕೆ ಎಷ್ಟು, ಸೀರೆಗೆ ಎಷ್ಟು, ಲುಂಗಿಗೆ ಎಷ್ಟು ಎಂದು ಕೇಳಿ ಬರೆದುಕೊಂಡಿದ್ದಾರೆ. ಸರ್ಕಾರ ಕೇಳುವುದು ನೀವು ಏನು ಉಟ್ಟಿರಿ ಎಂದು. ವ್ಯಾಪಾರಿ ಕೇಳುವುದು ಏನು ಉಡಬೇಕೆಂದು ನಿಮಗೆ ಆಸೆ ಎಂದು. ಮೊದಲನೆಯದಕ್ಕೆ ಲೆಕ್ಕದ ಪುಸ್ತಕ ಸಾಕು. ಎರಡನೆಯದಕ್ಕೆ ಆತ್ಮಶೋಧನೆಯೇ ಬೇಕು.

"ಬೇಗ ಒಣಗುವುದು?" ನಾಲ್ಕು ಎಂದೆ. "ಬೆವರನ್ನು ಹೊರಗೆ ಸಾಗಿಸುವುದು?" ಅದೆಂಥ ಸಾಗಾಣಿಕೆ ಎಂದು ಕೇಳಿದೆ. ಪಾಪ, ಬಿಡಿಸಿ ಹೇಳಿದಳು. ಬಟ್ಟೆ ಪಾಲಿಯೆಸ್ಟರ್. 100 ಗ್ರಾಂ ಹತ್ತಿ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರದು. ಹತ್ತಿ ಬೆವರು ಕುಡಿದು ಭಾರವಾಗಿ ಬೆನ್ನಿಗೆ ಅಂಟುತ್ತದೆ. ಇದಾದರೋ ಕುಡಿಯುವುದಿಲ್ಲ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಬೆವರು ಎಳೆಗಳ ಸಂದಿನಲ್ಲಿ ಹರಿದು, ಹೊರಮೈಗೆ ಬಂದು ಗಾಳಿಗೆ ಆರುತ್ತದೆ. ಸಂತೋಷದಿಂದ ಐದು ಅಂಕ ಕೊಟ್ಟೆ.

"ಬೆವರಿನ ವಾಸನೆ ಬಾರದಿರುವುದು ನಿಮಗೆ ಎಷ್ಟು ಮುಖ್ಯ ಸಾರ್?"

ಇಲ್ಲಿ ನನ್ನ ನಾಲಿಗೆ ತಡೆಯಿತು.

ನಮ್ಮ ತಂದೆ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1948ರಲ್ಲಿ ಆರಂಭವಾದ, ಟೆಲಿಫೋನು ತಯಾರಿಸುತ್ತಿದ್ದ ಕಾರ್ಖಾನೆ ಅದು. ಹಲಸೂರಿನ ಮನೆಯಿಂದ ಹಳೆ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ದಾಟಿ ಕೃಷ್ಣರಾಜಪುರದ ಕಡೆಗೆ ಹೋಗಬೇಕು. ಹೋಗುವಾಗ ಸುಮಾರು ಹತ್ತು ಕಿಲೋಮೀಟರು, ಬರುವಾಗ ಹತ್ತು. ಖಾಕಿ ಷರಾಯಿ, ಕಣಕಾಲಿಗೆ ತಗಡಿನ ಎರಡು ಕ್ಲಿಪ್ಪು. ಅದೇ ಅವರ ಸೈಕಲ್ ಉಡುಪು. ಮದುವೆ ಮುಂಜಿಗೆಂದು ಒಂದೇ ಒಂದು ಟೆರಿಲಿನ್ ಷರಟು ಪೆಟ್ಟಿಗೆಯಲ್ಲಿತ್ತು.

1988ರಲ್ಲಿ, ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ, ಕಂಠಪಾಠ ಸ್ಪರ್ಧೆಯಲ್ಲಿ ನನಗೆ ಬಹುಮಾನ ಬಂತು. ಬಹುಮಾನದ ದಿನ ತಂದೆ ಆ ಷರಟನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗಿ, ಪಾಳಿ ಮುಗಿದೊಡನೆ ನೇರವಾಗಿ ಶಾಲೆಗೆ ತುಳಿದುಕೊಂಡು ಬಂದರು. ಷರಟು ಬೆನ್ನಿಗೆ ಅಂಟಿತ್ತು. ಪಕ್ಕದ ಹುಡುಗ ಮೂಗು ಮುಚ್ಚಿಕೊಂಡು ನಕ್ಕ. ಮೇಷ್ಟರು, "ನಿಮ್ಮ ತಂದೆ ಬಂದಿದ್ದಾರೇನೋ?" ಎಂದು ಕೇಳಿದರು. ನಾನು, "ಇಲ್ಲ ಸಾರ್" ಎಂದೆ. ತಂದೆ ನನ್ನ ಹಿಂದೆ ಎರಡು ಮಾರು ದೂರದಲ್ಲಿ ನಿಂತಿದ್ದರು.

ಕೇಳಿಸಿತೋ ಇಲ್ಲವೋ, ಅವರು ಎಂದೂ ಆ ಮಾತೆತ್ತಲಿಲ್ಲ. ಆದರೆ ಅಲ್ಲಿಂದ ಮುಂದೆ ನನ್ನ ಶಾಲೆಗೆ ಬರಬೇಕಾದಾಗಲೆಲ್ಲ ಬಸ್ಸಿಗೆ ದುಡ್ಡು ಕೊಟ್ಟು ಬಂದರು.

ಆ ಟೆರಿಲಿನ್ ಎಂಬುದು ಬೇರೇನೂ ಅಲ್ಲ, ಪಾಲಿಯೆಸ್ಟರೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನ ವಿಜ್ಞಾನಿಗಳು ಕಂಡುಹಿಡಿದ ಎಳೆ. ಮೈಯ ಜಿಡ್ಡನ್ನು ಅದು ಹತ್ತಿಗಿಂತ ಭದ್ರವಾಗಿ ಹಿಡಿದುಕೊಳ್ಳುತ್ತದೆ, ವಾಸನೆಯನ್ನೂ ಹಿಡಿದುಕೊಳ್ಳುತ್ತದೆ. ಒತ್ತಾಗಿ ನೇಯ್ದಿದ್ದರೆ ಗಾಳಿಯೂ ಆಡದು. ಈಗಿನವರು ಅದೇ ಎಳೆಯನ್ನು ಬಿಡಿಬಿಡಿಯಾಗಿ ಹೆಣೆದು, ವಾಸನೆ ತಡೆಯಲು ಮದ್ದು ಹಚ್ಚಿ, ಹೊಸ ಹೆಸರಿಟ್ಟು ಮಾರುತ್ತಾರೆ. ಅಂದಿನ ವಾಸನೆಯಲ್ಲಿ ನೂಲಿನ ತಪ್ಪೇ ಹೆಚ್ಚು ಎಂದು ವಿಜ್ಞಾನ ನಮ್ಮ ತಂದೆಯ ಪರವಾಗಿ ಸಾಕ್ಷಿ ಹೇಳುತ್ತದೆ. ನನ್ನ ಪರವಾಗಿ ಯಾವ ವಿಜ್ಞಾನವೂ ಸಾಕ್ಷಿ ಹೇಳುವಂತಿಲ್ಲ.

"ಸಾರ್?" ಎಂದಳು ಹುಡುಗಿ.

"ಒಂದು" ಎಂದೆ.

"ಒಂದೇ? ಎಲ್ಲರೂ ಐದು ಕೊಡುತ್ತಾರೆ ಸಾರ್!"

ಕೊನೆಯ ಪ್ರಶ್ನೆ, ನೀವು ಸೈಕಲ್ ತುಳಿಯುವುದೇಕೆ ಎಂದು. ಆರೋಗ್ಯ, ವಿನೋದ, ಸ್ಪರ್ಧೆ, ಪರಿಸರ, ಕಡೆಯಲ್ಲಿ 'ಇತರೆ'. ಶಿವಾಜಿನಗರದಲ್ಲಿ ಸೈಕಲ್ಲಿಗೆ ಫ್ಲಾಸ್ಕು ಕಟ್ಟಿಕೊಂಡು ಚಹಾ ಮಾರುವವನು, ಮುಂಜಾನೆ ನಮ್ಮ ಬಾಗಿಲಿಗೆ ಈ ಪತ್ರಿಕೆಯನ್ನು ಎಸೆದು ಹೋಗುವ ಹುಡುಗ, ನಮ್ಮ ತಂದೆ, ಎಲ್ಲರೂ ಆ 'ಇತರೆ' ಎಂಬ ಒಂದು ಪದದೊಳಗೆ ಒತ್ತೊತ್ತಾಗಿ ನಿಂತಿದ್ದರು. ಅಂಗಡಿಯೊಳಗೆ ನಿಂತು ಎಣಿಸುವವರಿಗೆ ಒಳಗೆ ಬಂದವರು ಮಾತ್ರ ಎಣಿಕೆಗೆ ಸಿಕ್ಕುತ್ತಾರೆ. ಹುಡುಗಿಯನ್ನು ದೂರಿ ಫಲವಿಲ್ಲ, ಪ್ರಶ್ನೆ ಅವಳದಲ್ಲ. ನಾನು 'ಆರೋಗ್ಯ' ಎಂದೆ. ನನ್ನ ಮಟ್ಟಿಗೆ ಅದೇ ನಿಜ.

ಅಂಗಿ ಕೊಂಡೆನೇ ಎಂದು ನೀವು ಕೇಳಬಹುದು. ಕೊಂಡೆ. ಒಳ್ಳೆಯ ಅಂಗಿ, ಬೇಗ ಒಣಗುತ್ತದೆ. ಆದರೆ ಮನೆಗೆ ಬಂದವನೇ ಹಳೆಯ ಡಬ್ಬಿಯನ್ನು ತಡಕಿ ತಗಡಿನ ಕ್ಲಿಪ್ಪುಗಳನ್ನು ಹೊರತೆಗೆದೆ. ಸ್ವಲ್ಪ ತುಕ್ಕು ಹಿಡಿದಿದ್ದವು, ಬಿಗಿ ಸಡಿಲವಾಗಿರಲಿಲ್ಲ.

ಮರುದಿನ ಹಳೆ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯವರೆಗೆ ಹೋಗಿ ಬಂದೆ. ಹೊಸ ಅಂಗಿಯ ಸಾಗಾಣಿಕೆಯನ್ನೂ ಮೀರಿ ಬೆವರಿದ್ದೆ. ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋಗಿ ಟವೆಲು ತಂದುಕೊಟ್ಟಳು. ಮೂಗು ಮುಚ್ಚಿಕೊಳ್ಳಲಿಲ್ಲ.