ಇಬ್ಬರೂ ಊಟದ ಕಂಪನಿಯವರೇ...

ತಂಗಿ 'ಊಟದ ಕಂಪನಿ'ಗೆ ಸೇರಿದಳು ಅಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಇಂಜಿನಿಯರಿಂಗ್ ಓದಿ ಮಂದಿ ಮನಿಗಿ ಊಟ ಮುಟ್ಟಸ್ತಿ ಏನವಾ?"

ಅವ್ವನದೇನೂ ತಪ್ಪಿಲ್ಲ ಬಿಡಿ. ಬೀದರಿನ ನಮ್ಮ ಮನೆಯಲ್ಲಿ ಊಟ ಮುಟ್ಟಿಸುವವನು ಆಗಲೇ ಒಬ್ಬನಿದ್ದ. ಚಿಕ್ಕಪ್ಪನ ಮಗ, ಹೈದರಾಬಾದಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬೈಕಿನಲ್ಲಿ ಬಿರಿಯಾನಿ ತಲುಪಿಸುತ್ತಾನೆ. ಈಗ ತಂಗಿಯೂ ಅದೇ ಊರಿಗೆ!

ತಂಗಿಯದು ಡೆಲಿವರೂ. 2013ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ವಿಲ್ ಶು ಮೊದಮೊದಲು ತಾನೇ ಊಟ ಹೊತ್ತು ಹೋಗಿ ಕೊಡುತ್ತಿದ್ದನಂತೆ. 2022ರಲ್ಲಿ ಕಂಪನಿ ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಸೆಂಟರ್ ತೆರೆಯಿತು. ತಮಾಷೆ ಅಂದ್ರೆ, ಭಾರತದಲ್ಲಿ ಅದು ಒಂದು ಇಡ್ಲಿಯನ್ನೂ ಯಾರ ಮನೆಗೂ ಮುಟ್ಟಿಸಿಲ್ಲ :-) ಊಟ ಅಲ್ಲಿ, ಕೋಡು ಇಲ್ಲಿ. ಚಳಿಗಾಲದಲ್ಲಿ ಲಂಡನ್ನಿನವರಿಗೆ ಸಂಜೆ ಏಳಕ್ಕೆ ಹಸಿವಾದರೆ ನಮ್ಮಲ್ಲಿ ನಡುರಾತ್ರಿ ಹನ್ನೆರಡೂವರೆ.

ಮೊನ್ನೆ ದಸರೆಗೆ ಇಬ್ಬರೂ ಊರಿಗೆ ಬಂದಿದ್ದರು. ಹೋಳಿಗೆ ತಿನ್ನುತ್ತಾ ತಮ್ಮ ಕೇಳಿದ, "ಅಕ್ಕಾ, ನಿಮ್ಮ ಲಂಡನ್ ಹುಡುಗರಿಗೆ ಪಿಎಫ್ ಅದ ಏನು?"

ಪಿಎಫ್ ಇರುವುದು ತಂಗಿಗೆ. ಲಂಡನ್ನಿನ ಹುಡುಗರದು ಬೇರೆಯೇ ಕತೆ. ಅವರ ಯೂನಿಯನ್ನು ಕಂಪನಿಯ ಜೊತೆ ಕೂತು ಚೌಕಾಸಿ ಮಾಡುವ ಹಕ್ಕು ಬೇಕೆಂದು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2023ರ ನವೆಂಬರಿನಲ್ಲಿ ಕೋರ್ಟು ಆಗುವುದಿಲ್ಲ ಅಂದಿತು. ಅವರು ಬೇಕಾದಾಗ ಕೆಲಸ ಬೇಡ ಅನ್ನಬಹುದು, ತಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸಬಹುದು, ಹಾಗಾಗಿ ಅದು ನೌಕರಿಯ ಸಂಬಂಧವೇ ಅಲ್ಲ ಅಂತ. ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕೂತ ನಮ್ಮ ಹುಡುಗಿ ಕಂಪನಿಯ ನೌಕರಳು, ಅಲ್ಲೇ ಮಳೆಯಲ್ಲಿ ಸೈಕಲ್ ತುಳಿಯುವವನು ಅಲ್ಲ!

ತಂಗಿ ಇದನ್ನೆಲ್ಲ ಹೇಳುವಾಗ ದನಿ ಸ್ವಲ್ಪ ಸಣ್ಣದಾಗಿತ್ತು. ಕೆಲಸ ಬಿಡು ಅಂತ ನಾನೂ ಹೇಳಲಾರೆ. ಮನೆಯ ಸಾಲ ತೀರುತ್ತಿರುವುದೇ ಅವಳ ಸಂಬಳದಿಂದ.

ತಮ್ಮ ಮಾತ್ರ ಬೇರೆಯದಕ್ಕೇ ಕಣ್ಣರಳಿಸಿದ. "ಬದಲಿ ಮಂದಿ ಕಳಸಬಹುದಾ? ನಮ್ಮಲ್ಲಿ ಫೋನಿಗಿ ಮಾರಿ ತೋರಸದಿದ್ರ ಲಾಗಿನ್ನೇ ಆಗಂಗಿಲ್ಲಕ್ಕ. ಹೋದ ತಿಂಗಳ ಜ್ವರ ಬಂದಾಗ ನಾಕ್ ದಿನದ ದುಡಿಮಿ ಹೋಯ್ತು."

ಯಾರೂ ಮಾತಾಡಲಿಲ್ಲ. ಅವ್ವ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೇ ಹೋದರು. ಟಿಕೆಟ್ಟು ತಮ್ಮನೇ ತೆಗೆಸಿದನಂತೆ.